ಸಿಗಡಿ ಸುಕ್ಕ, ನೋವಿನ ಮಾತ್ರೆ, ವಾಲಿಬಾಲ್: ಒಂದು ಅನಾಫಿಲಾಕ್ಸಿಸ್ ಪ್ರಕರಣದ ಅಧ್ಯಯನ

ರೋಗಿ ಮಲ್ಪೆ ಕಡೆಯ 26 ವರ್ಷದ ಯುವಕ, ತೂಕ 68 ಕಿಲೋ. ಚಿಕ್ಕಂದಿನಿಂದಲೂ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು. ಮಳೆಗಾಲದಲ್ಲಿ ಅದು ಹೆಚ್ಚು. ಅಸ್ತಮಾ ಇಲ್ಲ. ಮೀನು, ಸಿಗಡಿ, ಏಡಿ, ಮರುವಾಯಿ (ಚಿಪ್ಪಿನ ಜೀವಿ) ಎಲ್ಲವನ್ನೂ ತಿಂದು ಬೆಳೆದವನು. ಎರಡು ವರ್ಷಗಳಿಂದ ಸಿಗಡಿ ತಿಂದಾಗ ಒಮ್ಮೊಮ್ಮೆ ಬಾಯಿ, ಗಂಟಲು ತುರಿಸುತ್ತಿತ್ತು. ಮನೆಯವರು ಅದನ್ನು ಉಷ್ಣ ಎಂದು ಬಿಟ್ಟಿದ್ದರು. (ಇದು ಒಬ್ಬನೇ ವ್ಯಕ್ತಿಯ ಕಡತವಲ್ಲ. ಅನಾಫಿಲಾಕ್ಸಿಸ್, ಅಂದರೆ ಮೈಯೆಲ್ಲ ಹಬ್ಬಿ ಪ್ರಾಣಕ್ಕೇ ಕುತ್ತು ತರಬಲ್ಲ ಅಲರ್ಜಿ, ಕರಾವಳಿಯಲ್ಲಿ ಬರುವ ಬಗೆಯನ್ನು ಹಂತಹಂತವಾಗಿ ತೋರಿಸಲು ಕಟ್ಟಿದ ಪ್ರಕರಣ.)

ಸೆಪ್ಟೆಂಬರ್ ತಿಂಗಳು, ಟ್ರಾಲ್ ದೋಣಿಗಳು ಮತ್ತೆ ಕಡಲಿಗಿಳಿದು ತಾಜಾ ಸಿಗಡಿ ಬರುತ್ತಿದ್ದ ಸಮಯ. ರಾತ್ರಿ 8.10ಕ್ಕೆ ಮಂಡಿನೋವಿಗೆಂದು ಐಬುಪ್ರೊಫೆನ್ 400 ಮಿಲಿಗ್ರಾಂ ಒಂದು ಮಾತ್ರೆ. 8.30ಕ್ಕೆ ನೀರ್ ದೋಸೆ, ಸಿಗಡಿ ಸುಕ್ಕ. 9ಕ್ಕೆ ವಾಲಿಬಾಲ್ ಅಂಗಳ. 9.25ಕ್ಕೆ ಅಂಗೈ, ಅಂಗಾಲು ತುರಿಕೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು, ಎರಡು ಸಲ ವಾಂತಿ, ಸ್ವರ ಒಡೆದಂತಾಯಿತು. 9.50ಕ್ಕೆ ಹತ್ತಿರದ ಕ್ಲಿನಿಕ್ ತಲುಪಿದಾಗ ಬಿಪಿ 84/50, ನಾಡಿ 128, ಆಮ್ಲಜನಕ 92. ಅಲ್ಲಿ ಅವಿಲ್ ಮತ್ತು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ರಿಕ್ಷಾ ಹತ್ತಲು ಎದ್ದು ನಿಂತವನು ಬಾಗಿಲಲ್ಲೇ ಕುಸಿದ.

10.20ಕ್ಕೆ ತುರ್ತು ಚಿಕಿತ್ಸಾ ವಿಭಾಗ. ಬಿಪಿ 70/40. ಮಲಗಿಸಿ, ಕಾಲು ಎತ್ತರಿಸಿ, ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಾಲಿನ್ 0.5 ಮಿಲಿಗ್ರಾಂ ಕೊಟ್ಟರು. ಲೆಕ್ಕ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, 68 ಕಿಲೋಗೆ 0.68 ಬಂದರೂ ದೊಡ್ಡವರಿಗೆ ಒಂದು ಸಲದ ಗರಿಷ್ಠ 0.5. ಐದು ನಿಮಿಷ ಕಾದರೂ ಬಿಪಿ ಏರದ್ದರಿಂದ ಅಷ್ಟೇ ಪ್ರಮಾಣ ಮತ್ತೊಮ್ಮೆ, ಜೊತೆಗೆ ಆಮ್ಲಜನಕ ಮತ್ತು ವೇಗವಾಗಿ ಒಂದು ಲೀಟರ್ ಸಲೈನ್. 10.45ಕ್ಕೆ ಬಿಪಿ 104/66. ಮೊದಲ ತುರಿಕೆಯಿಂದ ಮೊದಲ ಅಡ್ರಿನಾಲಿನ್‌ಗೆ 55 ನಿಮಿಷ ಹಿಡಿದಿತ್ತು. ಈ ಪ್ರಕರಣದಲ್ಲಿ ಮುಂದೆ ಕೆಟ್ಟದ್ದರ ಬಹುಪಾಲು ಆ 55 ನಿಮಿಷಕ್ಕೇ ಸೇರಿದ್ದು.

ಅವಿಲ್ ಯಾಕೆ ಸಾಲಲಿಲ್ಲ

ಅಲರ್ಜಿ ಎಂದಾಗ ಎಲ್ಲರಿಗೂ ಗೊತ್ತಿರುವ ಹೆಸರು ಹಿಸ್ಟಮಿನ್. ಅದು ಪ್ರೋಟೀನೇ ಅಲ್ಲ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ತಯಾರಾಗುವ ಪುಟ್ಟ ಅಣು. ಅದನ್ನು ಹೊರಹಾಕಿಸುವ, ಅದಾದ ಮೇಲೆ ಗಂಟೆಗಟ್ಟಲೆ ಉರಿಯೂತವನ್ನು ಹಿಡಿದಿಡುವ ಕೆಲಸ ಪ್ರೋಟೀನುಗಳದ್ದು. ಅವಿಲ್‌ನಂಥ ಆಂಟಿಹಿಸ್ಟಮಿನ್ ಹಿಸ್ಟಮಿನ್‌ನ ಒಂದು ಗ್ರಾಹಕವನ್ನು (ಕೋಶದ ಮೇಲೆ ಅದು ಬಂದು ಕೂರುವ ಜಾಗ) ಮಾತ್ರ ಮುಚ್ಚುತ್ತದೆ. ತುರಿಕೆ, ದದ್ದು ಇಳಿಯುತ್ತವೆ. ಕುಸಿಯುತ್ತಿರುವ ಬಿಪಿ, ಊದುತ್ತಿರುವ ಗಂಟಲಿಗೆ ಅದರಿಂದ ಏನೂ ಆಗುವುದಿಲ್ಲ. ದದ್ದು ಇಳಿದದ್ದನ್ನು ನೋಡಿ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಒಳಗೆ ರಕ್ತನಾಳಗಳು ಸೋರುತ್ತಿರುತ್ತವೆ. ಅಪಾಯ ಇರುವುದು ಅಲ್ಲಿ.

ಆ ಪ್ರೋಟೀನುಗಳಲ್ಲಿ ಮೊದಲ ಪಾತ್ರ ಸಿಗಡಿಯ ಸ್ನಾಯುವಿನ ಟ್ರೋಪೋಮಯೋಸಿನ್. ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಉದ್ದನೆಯ ಪ್ರೋಟೀನ್. ಬೇಯಿಸಿದರೂ ಹುರಿದರೂ ಅದರ ಅಲರ್ಜಿ ಗುಣ ಹೋಗುವುದಿಲ್ಲ. 'ಚೆನ್ನಾಗಿ ಬೇಯಿಸಿ ತಿಂದರೆ ಏನೂ ಆಗುವುದಿಲ್ಲ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಟೈಗರ್ ಸಿಗಡಿಯ ಈ ಪ್ರೋಟೀನಿಗೆ ಅಲರ್ಜಿ ಪಟ್ಟಿಯಲ್ಲಿ 'ಪೆನ್ ಎಂ 1' ಎಂಬ ಹೆಸರಿದೆ.

ಎರಡನೆಯದು ಐಜಿಇ, ಹೊರಗಿನ ಪದಾರ್ಥವನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಒಂದು ಪ್ರತಿಕಾಯ. ರಕ್ತದಲ್ಲಿರುವ ಯಾವುದೋ ಅಂಶ ಅಲರ್ಜಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಲ್ಲದು ಎಂದು 1921ರಲ್ಲಿ ಪ್ರೌಸ್ನಿಟ್ಜ್ ಮತ್ತು ಕುಸ್ಟ್ನರ್ ತೋರಿಸಿದ್ದು ಮೀನಿನಿಂದಲೇ. ಮೀನು ಆಗದಿದ್ದ ಕುಸ್ಟ್ನರ್‌ನ ಸೀರಮ್ಮನ್ನು ಪ್ರೌಸ್ನಿಟ್ಜ್ ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಅದೇ ಜಾಗಕ್ಕೆ ಮೀನಿನ ಸಾರವನ್ನು ಕೊಟ್ಟಾಗ ದದ್ದು ಎದ್ದಿತು. ಆ ಅಂಶ ಐಜಿಇ ಎಂದು ಗೊತ್ತಾದದ್ದು 1960ರ ದಶಕದ ಕೊನೆಯಲ್ಲಿ. ರಕ್ತದಲ್ಲಿ ಅದು ಎರಡು-ಮೂರು ದಿನ ಮಾತ್ರ ಉಳಿಯುತ್ತದೆ. ಮಾಸ್ಟ್ ಕೋಶದ (ಚರ್ಮ, ಶ್ವಾಸನಾಳ, ಕರುಳಿನಲ್ಲಿ ಕಾವಲಿರುವ ರೋಗನಿರೋಧಕ ಕೋಶ) ಗ್ರಾಹಕಕ್ಕೆ ಅಂಟಿಕೊಂಡರೆ ವಾರಗಟ್ಟಲೆ. ಸಿಗಡಿಯ ಪ್ರೋಟೀನ್ ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದ ಕ್ಷಣ ಕೋಶ ತನ್ನೊಳಗಿನ ಕಣಗಳನ್ನು ಹೊರಚೆಲ್ಲುತ್ತದೆ.

ಹೊರಬೀಳುವುದಕ್ಕೆ ಒಂದು ಕ್ರಮವಿದೆ, ಚಿಕಿತ್ಸೆ ಅರ್ಥವಾಗುವುದು ಆ ಕ್ರಮದಿಂದ. ಮೊದಲ ನಿಮಿಷಗಳಲ್ಲಿ ಸಿದ್ಧವಾಗಿ ಕಾದಿದ್ದವು: ಹಿಸ್ಟಮಿನ್, ಟ್ರಿಪ್ಟೇಸ್ ಎಂಬ ಕಿಣ್ವ, ಉರಿಯೂತ ಎಬ್ಬಿಸುವ ಪ್ರೋಟೀನಾದ ಸ್ವಲ್ಪ ಟಿಎನ್‌ಎಫ್. ಅದರ ಬೆನ್ನಿಗೇ ಕೋಶದ ಕೊಬ್ಬಿನಿಂದ ಹೊಸದಾಗಿ ತಯಾರಾಗುವ ಲ್ಯೂಕೋಟ್ರೈನ್ ಮತ್ತು ಪಿಎಎಫ್ ಎಂಬ ಅಣುಗಳು. ಪ್ರೋಟೀನ್ ಅಲ್ಲದ ಈ ಪಿಎಎಫ್ ಪ್ರಮಾಣ ಎಷ್ಟು ಹೆಚ್ಚೋ ಅನಾಫಿಲಾಕ್ಸಿಸ್ ಅಷ್ಟು ತೀವ್ರ. ಅದನ್ನು ಒಡೆಯುವ ಕಿಣ್ವ ಕಡಿಮೆ ಇದ್ದವರಲ್ಲಿ ಪ್ರಾಣಾಪಾಯ ಹೆಚ್ಚು. ಗಂಟೆಗಳ ಮೇಲೆ ಬರುವವು ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಪ್ರೋಟೀನುಗಳಾದ ಸೈಟೋಕೈನ್‌ಗಳು. ಅವುಗಳಲ್ಲಿ ಐಎಲ್-5 (ಐಎಲ್ ಅಂದರೆ ಇಂಟರ್‌ಲ್ಯೂಕಿನ್) ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಐಎಲ್-13 ಶ್ವಾಸನಾಳದಲ್ಲಿ ಲೋಳೆ ಹೆಚ್ಚಿಸುತ್ತದೆ. ಐಎಲ್-4 ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಇನ್ನಷ್ಟು ಐಜಿಇ ಮಾಡಲು ಹೇಳುತ್ತದೆ.

ಹೈಡ್ರೋಕಾರ್ಟಿಸೋನ್ ಕೆಲಸ ಮಾಡುವುದು ಈ ಕೊನೆಯ ಹಂತದ ಮೇಲೆ, ಕೋಶಕೇಂದ್ರದೊಳಗೆ ಹೋಗಿ ಸೈಟೋಕೈನ್ ವಂಶವಾಹಿಗಳನ್ನು ತಗ್ಗಿಸಿ. ಅದಕ್ಕೆ ಗಂಟೆಗಳೇ ಬೇಕು. ಬಿಪಿ 84 ಇರುವವನಿಗೆ ಅಷ್ಟು ಸಮಯ ಇರುವುದಿಲ್ಲ. ಅಡ್ರಿನಾಲಿನ್ ಮಾತ್ರ ಒಂದೇ ಏಟಿಗೆ ಮೂರು ಕೆಲಸ ಮಾಡುತ್ತದೆ: ರಕ್ತನಾಳ ಬಿಗಿಮಾಡುತ್ತದೆ, ಶ್ವಾಸನಾಳ ತೆರೆಯುತ್ತದೆ, ಮಾಸ್ಟ್ ಕೋಶ ಇನ್ನಷ್ಟು ಚೆಲ್ಲದಂತೆ ತಡೆಯುತ್ತದೆ. ಅದೂ ತೊಡೆಯ ಸ್ನಾಯುವಿಗೆ ಕೊಟ್ಟರೆ. ಅಲ್ಲಿಂದ ಸುಮಾರು 8 ನಿಮಿಷದಲ್ಲಿ ರಕ್ತದಲ್ಲಿ ಶಿಖರ ಮುಟ್ಟುತ್ತದೆ. ತೋಳಿನ ಚರ್ಮದಡಿಗೆ ಕೊಟ್ಟರೆ ಅರ್ಧ ಗಂಟೆಯೂ ದಾಟಬಹುದು.

ಬಾಗಿಲಲ್ಲಿ ಕುಸಿದದ್ದಕ್ಕೆ ಕಾರಣ ನಿಂತದ್ದು. ನಾಳಗಳು ಸಡಿಲಾಗಿ, ದ್ರವ ಸೋರಿ ಹೋಗಿರುವಾಗ ಎದ್ದು ನಿಂತರೆ ಹೃದಯಕ್ಕೆ ಮರಳುವ ರಕ್ತವೇ ಇರುವುದಿಲ್ಲ. ಅನಾಫಿಲಾಕ್ಸಿಸ್ ಆದವನನ್ನು ನಡೆಸಬಾರದು, ಬೈಕಿನ ಹಿಂದೆ ಕೂರಿಸಬಾರದು. ಮಲಗಿಸಿಯೇ ಸಾಗಿಸಬೇಕು, 108 ಬರುವ ತನಕ ಮಲಗಿರಲಿ. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಒರಗಿ ಕೂರಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ.

ಬೆಳಗಿನ ಜಾವ 4 ಗಂಟೆಗೆ ದದ್ದು ಮತ್ತೆ ಎದ್ದಿತು, ಎದೆಯಲ್ಲಿ ಸಿಳ್ಳೆಯಂಥ ಸದ್ದು. ಇದು ಎರಡನೆಯ ಅಲೆ. ಅನಾಫಿಲಾಕ್ಸಿಸ್ ಆದವರಲ್ಲಿ ನೂರಕ್ಕೆ ಸುಮಾರು ಐದು ಜನರಲ್ಲಿ ಕಾಣುತ್ತದೆ. ಮೊದಲ ಅಡ್ರಿನಾಲಿನ್ ತಡವಾದವರಲ್ಲಿ, ಒಂದಕ್ಕಿಂತ ಹೆಚ್ಚು ಸಲ ಬೇಕಾದವರಲ್ಲಿ ಸಾಧ್ಯತೆ ಹೆಚ್ಚು. ಇವನಲ್ಲಿ ಎರಡೂ ಇದ್ದವು. ಹಿಂದಿನ ರಾತ್ರಿಯ ಹೈಡ್ರೋಕಾರ್ಟಿಸೋನ್ ಅದನ್ನು ತಡೆದಿರಲಿಲ್ಲ. ಮೂರನೆಯ ಸಲ ಅಡ್ರಿನಾಲಿನ್ ಕೊಟ್ಟು, ಶ್ವಾಸನಾಳ ತೆರೆಯುವ ಸಾಲ್ಬುಟಮಾಲ್ ನೆಬ್ಯುಲೈಸ್ ಮಾಡಿದ ಮೇಲೆ ಇಳಿಯಿತು. ವಾರ್ಡಿನಲ್ಲಿ ಇನ್ನೂ 24 ಗಂಟೆ ನೋಡಿ ಮನೆಗೆ ಕಳಿಸಲಾಯಿತು.

'ನಾರ್ಮಲ್' ಎಂದು ಬಂದ ವರದಿ

ರಾತ್ರಿ 11ಕ್ಕೆ, ಲಕ್ಷಣ ಶುರುವಾಗಿ ಒಂದೂವರೆ ಗಂಟೆಯ ಆಸುಪಾಸು, ಟ್ರಿಪ್ಟೇಸ್‌ಗೆ ರಕ್ತ ತೆಗೆದಿದ್ದರು. ಇದು ಸರಿಯಾದ ಹೊತ್ತು: ಲಕ್ಷಣದ 15 ನಿಮಿಷದಿಂದ 3 ಗಂಟೆಯೊಳಗೆ ತೆಗೆಯಬೇಕು, ಏಕೆಂದರೆ ಸುಮಾರು ಎರಡು ಗಂಟೆಗೊಮ್ಮೆ ಅದು ಅರ್ಧವಾಗುತ್ತದೆ. ಫಲಿತಾಂಶ 9.8. ಲ್ಯಾಬಿನ ಮೇಲ್ಮಿತಿ 11.4 ಆದ್ದರಿಂದ ವರದಿಯಲ್ಲಿ 'ನಾರ್ಮಲ್' ಎಂದೇ ಮುದ್ರಣವಾಗಿತ್ತು. ಮಗನಿಗೆ ಆದದ್ದು ಅಲರ್ಜಿ ಅಲ್ಲ, ಹೆದರಿಕೆ ಎಂದು ಸಂಬಂಧಿಕರೊಬ್ಬರು ತೀರ್ಪನ್ನೂ ಕೊಟ್ಟಾಗಿತ್ತು.

ಒಂದೇ ಟ್ರಿಪ್ಟೇಸ್ ಅಂಕಿಯನ್ನು ನೋಡಿ ಏನನ್ನೂ ಹೇಳಬಾರದು. ಲಕ್ಷಣ ಪೂರ್ತಿ ಹೋಗಿ ಕನಿಷ್ಠ 24 ಗಂಟೆಯಾದ ಮೇಲೆ ಅದೇ ಮನುಷ್ಯನ ಮೂಲಮಟ್ಟ ನೋಡಬೇಕು. ಇವನ ಮೂಲಮಟ್ಟ 3.6. ಸೂತ್ರ: ಮೂಲಮಟ್ಟವನ್ನು 1.2ರಿಂದ ಗುಣಿಸಿ 2 ಕೂಡಿಸಿ. ಬರುವುದು 6.32. ಆ ರಾತ್ರಿಯ 9.8 ಅದಕ್ಕಿಂತ ಸ್ಪಷ್ಟವಾಗಿ ಮೇಲೆ. ಮಾಸ್ಟ್ ಕೋಶಗಳು ಒಡೆದದ್ದು ಖಚಿತ. ಇನ್ನೊಂದು ಎಚ್ಚರ: ಆಹಾರದಿಂದಾದ ಅನಾಫಿಲಾಕ್ಸಿಸ್‌ನಲ್ಲಿ ಟ್ರಿಪ್ಟೇಸ್ ಏರದೆಯೂ ಇರುತ್ತದೆ. ಚುಚ್ಚುಮದ್ದು, ಜೇನುಹುಳ ಕಡಿತದಲ್ಲಿ ಏರುವಷ್ಟು ಇಲ್ಲಿ ಏರುವುದಿಲ್ಲ. ಅದು ಏರಲಿಲ್ಲ ಎಂಬ ಕಾರಣಕ್ಕೆ ಅಲರ್ಜಿ ಅಲ್ಲ ಎನ್ನುವಂತಿಲ್ಲ.

ಅದೇ ರಾತ್ರಿ ಸಿಆರ್‌ಪಿಯನ್ನೂ ಮಾಡಿಸಿದ್ದರು, 4 ಬಂದಿತ್ತು. ಅದನ್ನು ಮಾಡಿಸುವ ಅಗತ್ಯವೇ ಇರಲಿಲ್ಲ. ಐಎಲ್-6 ಹೇಳಿದ ಮೇಲೆ ಯಕೃತ್ತು ತಯಾರಿಸುವ ಪ್ರೋಟೀನ್ ಅದು, ಗಂಟೆಗಳ ಮೇಲೆ ಏರುವಂಥದ್ದು. ಸೋಂಕಿಗೆ ಉಪಯೋಗ, ಆಹಾರದ ಅಲರ್ಜಿ ಗುರುತಿಸಲು ಉಪಯೋಗವಿಲ್ಲ. ಐಎಲ್-4, ಐಎಲ್-13 ಅಳೆಯುವ ಕಿಟ್‌ಗಳು ಸಂಶೋಧನೆಗೆ ಸರಿ, ರೋಗಿಯ ಜೇಬಿಗೆ ಬೇಡ.

ಆರು ವಾರದ ಮೇಲೆ

ಅನಾಫಿಲಾಕ್ಸಿಸ್ ಆದ ಕೂಡಲೇ ಚರ್ಮದ ಪರೀಕ್ಷೆ ಮಾಡಿದರೆ ಬರಿದಾದ ಮಾಸ್ಟ್ ಕೋಶಗಳು ಸುಮ್ಮನಿದ್ದು ಸುಳ್ಳು ನೆಗೆಟಿವ್ ಬರಬಹುದು. ಆದ್ದರಿಂದ ನಾಲ್ಕರಿಂದ ಆರು ವಾರ ಕಾಯುವುದು ರೂಢಿ. ಆಂಟಿಹಿಸ್ಟಮಿನ್ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಬೇಕು. ರಕ್ತ ಪರೀಕ್ಷೆಗೆ ನಿಲ್ಲಿಸಬೇಕಾಗಿಲ್ಲ.

ಬೇಯಿಸಿದ ಸಿಗಡಿಯ ಮಾಂಸಕ್ಕೆ ಸೂಜಿ ಚುಚ್ಚಿ, ಅದೇ ಸೂಜಿಯಿಂದ ಮುಂಗೈಯ ಚರ್ಮಕ್ಕೆ ಚುಚ್ಚಲಾಯಿತು. 15 ನಿಮಿಷಕ್ಕೆ 9 ಮಿಲಿಮೀಟರ್ ದದ್ದು; ಸಲೈನ್ ಜಾಗದಲ್ಲಿ ಏನೂ ಇಲ್ಲ. 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್. ರಕ್ತದಲ್ಲಿ ಒಂದೊಂದರ ವಿರುದ್ಧದ ಐಜಿಇ, ಲೀಟರಿಗೆ ಕಿಲೋ ಯೂನಿಟ್ ಲೆಕ್ಕದಲ್ಲಿ: ಸಿಗಡಿ 18.6, ಅದರ ಟ್ರೋಪೋಮಯೋಸಿನ್ 14.2, ಏಡಿ 11, ಬೊಂಡಾಸ್ (ಸ್ಕ್ವಿಡ್) 3.4, ಧೂಳುಹುಳ 32, ಧೂಳುಹುಳದ ಟ್ರೋಪೋಮಯೋಸಿನ್ 12.9. ಮೀನು 0.10ಕ್ಕಿಂತ ಕಡಿಮೆ. ಒಟ್ಟು ಐಜಿಇ 640.

ಧೂಳುಹುಳದ ಸಾಲು ಗಮನಿಸಬೇಕಾದದ್ದು. ಸಿಗಡಿ ಮತ್ತು ಧೂಳುಹುಳದ ಟ್ರೋಪೋಮಯೋಸಿನ್‌ಗಳು ಸುಮಾರು 80 ಪ್ರತಿಶತ ಒಂದೇ, ಜಿರಲೆಯದ್ದೂ ಹತ್ತಿರದ್ದೇ. ಕರಾವಳಿಯ ಮಳೆಗಾಲದಲ್ಲಿ ಒಣಗದ ಹಾಸಿಗೆ, ಹತ್ತಿ ದಿಂಬು ಈ ಹುಳಕ್ಕೆ ತವರು, ಏಕೆಂದರೆ ಅದು ನೀರು ಕುಡಿಯುವುದು ಗಾಳಿಯ ತೇವದಿಂದ. ಮೂಗಿನ ಒಳಪದರ ಕೆರಳಿದಾಗ ಅಲ್ಲಿನ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಎಂಬ ಅಪಾಯ ಸೂಚಕ ಪ್ರೋಟೀನ್‌ಗಳನ್ನು ಬಿಡುತ್ತವೆ. ಅಲ್ಲಿಂದ ಐಎಲ್-4ರ ದಾರಿಯಲ್ಲಿ ಐಜಿಇ ತಯಾರಿ ಶುರು. ಸಿಗಡಿಯನ್ನು ವರ್ಷಗಟ್ಟಲೆ ತಿಂದವನಿಗೆ 24ರ ಪ್ರಾಯದಲ್ಲಿ ಬಾಯಿ ತುರಿಸಲು ಶುರುವಾದದ್ದು ಹಾಸಿಗೆಯ ಧೂಳುಹುಳದ ಮೂಲಕ ಇರಬಹುದು. ಹಾಗೆಂದು ಧೂಳಿನ ಅಲರ್ಜಿ ಇರುವವರೆಲ್ಲ ಸಿಗಡಿ ಬಿಡಬೇಕೆಂದಿಲ್ಲ. ಅವರಲ್ಲಿ ಹೆಚ್ಚಿನವರ ಐಜಿಇ ಹುಳದ ಬೇರೆ ಪ್ರೋಟೀನುಗಳ ಮೇಲಿರುತ್ತದೆ.

ಹಾಗಾದರೆ ಆ ಎರಡು ವರ್ಷ ಬರೀ ತುರಿಕೆ, ಆ ಒಂದು ರಾತ್ರಿ ಕುಸಿತ ಯಾಕೆ? ಐಬುಪ್ರೊಫೆನ್ ಕರುಳಿನ ಗೋಡೆಯನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶ ಬೇಗ ಒಡೆಯಲು ನೆರವಾಗುತ್ತದೆ. ಊಟದ ಬೆನ್ನಿಗೆ ಆಟ ಅದನ್ನು ಇನ್ನೂ ಹೆಚ್ಚಿಸುತ್ತದೆ. ಮದ್ಯವೂ ಇದೇ ಸಾಲಿನದು. ತಡೆಯುತ್ತಿದ್ದ ಮಿತಿ ಆ ರಾತ್ರಿ ಕೆಳಗಿಳಿಯಿತು. ಈಗ ಮಂಡಿನೋವಿಗೆ ಪ್ಯಾರಾಸಿಟಮಾಲ್. ಹೊರಗಿನ ಊಟವಾದ ಮೇಲೆ ನಾಲ್ಕು ಗಂಟೆ ಆಟವಿಲ್ಲ.

ಬಂಗುಡೆ ವಾಪಸ್

ಈ ನಡುವೆ ಮನೆಯವರು ಹಣ ಕೊಟ್ಟು ದೊಡ್ಡ ಆಹಾರ ಪ್ಯಾನೆಲ್ ಮಾಡಿಸಿ ತಂದಿದ್ದರು. ಹಾಲು 0.52, ಗೋಧಿ 0.61, ನೆಲಗಡಲೆ 0.44, ಎಲ್ಲದರ ಮುಂದೆ 'ಪಾಸಿಟಿವ್', ಏಕೆಂದರೆ ಲ್ಯಾಬಿನ ಗೆರೆ 0.35. ಇವನು ಆ ಬೆಳಿಗ್ಗೆಯೂ ಚಪಾತಿ ತಿಂದು, ಚಹಾ ಕುಡಿದು ಬಂದಿದ್ದ. ಒಟ್ಟು ಐಜಿಇ 640 ಇದ್ದವರಲ್ಲಿ ಇಂಥ ಸಣ್ಣ ಅಂಕಿಗಳು ಸಾಮಾನ್ಯ. ತಿಂದರೆ ಏನೂ ಆಗದ ಆಹಾರವನ್ನು ಕಾಗದ ನೋಡಿ ಬಿಡಿಸುವುದು ತಪ್ಪು. ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯವನ್ನು ಅಳೆದು 'ಈ ನೂರು ಪದಾರ್ಥ ನಿಮಗಾಗದು' ಎನ್ನುವ ಪರೀಕ್ಷೆಗಳದ್ದಂತೂ ಬೇರೆಯೇ ಕತೆ. ಐಜಿಜಿ4 ಹೆಚ್ಚುವುದು ಐಎಲ್-10ರ ಪ್ರಭಾವದಲ್ಲಿ, ದೇಹ ಆ ಆಹಾರವನ್ನು ಒಪ್ಪಿಕೊಂಡಾಗ.

ತಾಯಿ ಕೇಳಿದ್ದು ಒಂದೇ: "ಬಂಗುಡೆ ಸಾರಾದ್ರೂ ಹಾಕ್ಬಹುದಾ ಡಾಕ್ಟ್ರೇ? ಆರು ವಾರ ಆಯ್ತು, ಮನೆಯಲ್ಲಿ ಯಾರೂ ಮೀನು ಮುಟ್ಲಿಲ್ಲ."

ಹಾಕಬಹುದು. ಮೀನಿನ ಮುಖ್ಯ ಅಲರ್ಜಿ ಪ್ರೋಟೀನ್ ಪಾರ್ವಾಲ್ಬುಮಿನ್. ಟ್ರೋಪೋಮಯೋಸಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಇವನ ಐಜಿಇಯೂ ನೆಗೆಟಿವ್, ಆ ದಿನದವರೆಗೆ ಮೀನು ತಿಂದವನೇ. ಆದರೂ ಹೆದರಿಕೆ ಬಿಡಿಸಲು ಆಸ್ಪತ್ರೆಯಲ್ಲೇ ತಿನ್ನಿಸಲಾಯಿತು. ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ ಬಂಗುಡೆ. 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಎಂದು ಲೆಕ್ಕ. ಮೊದಲು 150 ಮಿಲಿಗ್ರಾಂ ಮೀನು, ಆಮೇಲೆ 500 ಮಿಲಿಗ್ರಾಂ, 1.5 ಗ್ರಾಂ, 5 ಗ್ರಾಂ, 15 ಗ್ರಾಂ. ಪ್ರತಿ ಹಂತಕ್ಕೂ 20 ನಿಮಿಷ ಅಂತರ, ಪ್ರತಿ ಹಂತಕ್ಕೂ ಬಿಪಿ, ಚರ್ಮ, ಎದೆ ಪರೀಕ್ಷೆ, ಪಕ್ಕದಲ್ಲಿ ತುಂಬಿದ ಅಡ್ರಿನಾಲಿನ್ ಸಿರಿಂಜ್. ಕೊನೆಯ ತುಂಡಿನ ನಂತರ ಎರಡು ಗಂಟೆ ಕಾಯಲಾಯಿತು. ಏನೂ ಆಗಲಿಲ್ಲ.

ಇಂಥ ಪರೀಕ್ಷೆ ಹಾಳಾಗುವುದು ಎರಡು ಕಡೆ. ಒಂದು, ಹಳಸಿದ ಬಂಗುಡೆ ಅಥವಾ ಬೂತಾಯಿ. 4 ಡಿಗ್ರಿಗಿಂತ ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಮೀನಿನ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಮಾಡುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ಮೈ ತುರಿಸಿ, ಥೇಟ್ ಅಲರ್ಜಿಯಂತೆ ಕಾಣುತ್ತದೆ. ಅದೇ ಮೀನು ತಿಂದ ಮನೆಯ ಇನ್ನಿಬ್ಬರಿಗೂ ಆಗಿದ್ದರೆ ಅಲರ್ಜಿಯಲ್ಲ, ಮೀನಿನ ದೋಷ. ಎರಡು, ಸಿಗಡಿಯ ಅಂಶ ಮೀನಿಗೆ ತಾಗುವುದು.

ಆ ಎರಡನೆಯದು ಮನೆಯಲ್ಲೂ ಕಾಡುತ್ತದೆ. ತಾಯಿಯ ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆ) ಸಿಗಡಿಯೂ ಬಂಗುಡೆಯೂ ತಯಾರಾಗುತ್ತಿದ್ದವು. ಅಲಗು ಮರಕ್ಕೆ ಕೂಡುವ ಸಂದಿಯಲ್ಲಿ ಒಣಗಿದ ಮಾಂಸ ಉಳಿದಿತ್ತು. ಬಿಸಿನೀರು ಸುರಿದರೆ ಸಾಲದು, ಏಕೆಂದರೆ ಕುದಿಸಿದರೂ ಈ ಪ್ರೋಟೀನ್ ಹಾಗೇ ಇರುತ್ತದೆ. ಸೋಪು ಹಾಕಿ ಉಜ್ಜಿ ತೊಳೆಯಬೇಕು. ಸುಲಭ ದಾರಿ, ಮೀನಿಗೇ ಬೇರೆ ಕತ್ತಿ. ಒಣ ಸಿಗಡಿ ಹುರಿಯುವಾಗ ಏಳುವ ಹುಡಿ, ತಾಜಾ ಸಿಗಡಿ ಬೇಯುವಾಗಿನ ಹಬೆ ಎರಡರಲ್ಲೂ ಪ್ರೋಟೀನ್ ಗಾಳಿಗೇರುತ್ತದೆ, ಉಸಿರಿಗೆ ಹೋದರೂ ಎದೆ ಕಟ್ಟಬಹುದು. ಆ ಅಡುಗೆ ಆ ಮನೆಯಲ್ಲಿ ನಿಂತಿದೆ. ಹೋಟೆಲಿನಲ್ಲಿ ಸಿಗಡಿ ರವಾ ಫ್ರೈ ಕರಿದ ಎಣ್ಣೆ, ತವಾದಲ್ಲೇ ಕಾಣೆ ಮೀನೂ ಬರುತ್ತದೆ. ಅಲ್ಲಿ ಸಾರಿನ ಮೀನು ಕೇಳುವುದು ಮೇಲು, ಸಿಗಡಿ ಸೌಟು ಬೇರೆಯೇ ಎಂದು ಖಚಿತ ಮಾಡಿಕೊಂಡು. ಏಡಿ ಪೂರ್ತಿ ಬಿಡಬೇಕು. ಬೊಂಡಾಸ್, ಮರುವಾಯಿಗಳ ಟ್ರೋಪೋಮಯೋಸಿನ್ ಅಷ್ಟು ಹತ್ತಿರದ್ದಲ್ಲ, ಆದರೂ ಸದ್ಯಕ್ಕೆ ಬೇಡ ಎಂದಿದೆ. ಸಿಟಿ ಸ್ಕ್ಯಾನಿನ ಅಯೋಡಿನ್ ದ್ರಾವಣಕ್ಕೂ ಸಿಗಡಿ ಅಲರ್ಜಿಗೂ ಸಂಬಂಧವಿಲ್ಲ. ಆಸ್ಪತ್ರೆಗಳಲ್ಲೇ ಇನ್ನೂ ಕೇಳುವ ಪ್ರಶ್ನೆಯಾದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದು ಕೊಡಲಾಯಿತು.

ಜೊತೆಗಿರುವ ಡಬ್ಬಿ

ಪೆನ್ನಿನಂಥ ಅಡ್ರಿನಾಲಿನ್ ಸಾಧನ ನಮ್ಮ ಮೆಡಿಕಲ್‌ಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಎರಡು ಆಂಪೂಲ್, 1 ಮಿಲಿಲೀಟರಿನ ಎರಡು ಸಿರಿಂಜ್, ಒಂದಿಂಚಿನ 23 ಗೇಜ್ ಸೂಜಿಗಳು, 0.5 ಗುರುತಿಗೆ ಕೆಂಪು ಟೇಪು. ಇನ್ಸುಲಿನ್ ಸಿರಿಂಜ್ ಬೇಡ: ಸೂಜಿ ಗಿಡ್ಡ, ಸ್ನಾಯು ಮುಟ್ಟುವುದಿಲ್ಲ, ಅದರ ಯೂನಿಟ್ ಗುರುತು ಗಾಬರಿಯಲ್ಲಿ ದಾರಿ ತಪ್ಪಿಸುತ್ತದೆ. ಮೊದಲೇ ಸಿರಿಂಜಿಗೆ ತುಂಬಿಟ್ಟರೆ ಕೆಲವೇ ತಿಂಗಳಲ್ಲಿ ಶಕ್ತಿ ಕುಂದುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಇಡಬಾರದು, ಫ್ರೀಜರಿನಲ್ಲೂ ಬೇಡ. ಬಣ್ಣ ಕಂದಾದರೆ ಎಸೆಯಬೇಕು. ಗಾಬರಿಯಲ್ಲಿ ಆಂಪೂಲ್ ಒಡೆಯುವುದೇ ಎಲ್ಲಕ್ಕಿಂತ ಕಷ್ಟದ ಹಂತ. ಡಿಸ್ಟಿಲ್ಡ್ ವಾಟರ್ ಆಂಪೂಲ್ ಕೊಟ್ಟು ತಮ್ಮನಿಂದಲೂ ತಂಡದ ಒಬ್ಬ ಗೆಳೆಯನಿಂದಲೂ ಅಭ್ಯಾಸ ಮಾಡಿಸಲಾಯಿತು. ದದ್ದಿನ ಜೊತೆ ಉಸಿರು, ಸ್ವರ, ತಲೆಸುತ್ತು, ಪದೇಪದೇ ವಾಂತಿ ಇವುಗಳಲ್ಲಿ ಒಂದು ಕಂಡರೂ ಕೊಡುವುದು. ಮಾತ್ರೆ ನುಂಗಿ ಕಾಯುವುದಲ್ಲ.

ಓಮಲಿಜುಮಾಬ್ ಬಗ್ಗೆಯೂ ಮನೆಯವರು ವಿಚಾರಿಸಿದರು. ಮಾಸ್ಟ್ ಕೋಶಕ್ಕೆ ಅಂಟುವ ಮೊದಲೇ ಐಜಿಇಯನ್ನು ಹಿಡಿದುಕೊಳ್ಳುವ ಪ್ರತಿಕಾಯ ಮದ್ದು ಅದು. ತೂಕ ಮತ್ತು ಒಟ್ಟು ಐಜಿಇ ನೋಡಿ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚರ್ಮದಡಿಗೆ. ಗೊತ್ತಿಲ್ಲದೆ ತಿಂದಾಗಿನ ಅಪಾಯ ತಗ್ಗಿಸಲು ಅಮೆರಿಕದಲ್ಲಿ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 600 ಮಿಲಿಗ್ರಾಂ ನೆಲಗಡಲೆ ಪ್ರೋಟೀನ್ ತಡೆದುಕೊಂಡವರು ಮದ್ದಿನ ಗುಂಪಿನಲ್ಲಿ 67 ಪ್ರತಿಶತ, ಹುಸಿಮದ್ದಿನ ಗುಂಪಿನಲ್ಲಿ 7. ಆದರೆ ಅದರಲ್ಲಿ ಸಿಗಡಿ ಇರಲಿಲ್ಲ; ಮದ್ದು ನಿಲ್ಲಿಸಿದರೆ ರಕ್ಷಣೆಯೂ ನಿಲ್ಲುತ್ತದೆ; ಖರ್ಚು ತಿಂಗಳು ತಿಂಗಳೂ ಬರುತ್ತದೆ. ಸಿಗಡಿಯನ್ನು ಅಡುಗೆಮನೆಯಿಂದಲೇ ತೆಗೆಯಬಲ್ಲ ಈ ಮನೆಗೆ ಸದ್ಯ ಬೇಡ ಎಂದು ನಿರ್ಧಾರವಾಯಿತು. ಮೀನು ಸಂಸ್ಕರಣಾ ಘಟಕದಲ್ಲಿ ದಿನವಿಡೀ ಸಿಗಡಿ ಸುಲಿಯುವ ಕೆಲಸದವನಾಗಿದ್ದರೆ ಮೊದಲು ಕೆಲಸದ ಜಾಗ ಬದಲಿಸಲು ಹೇಳಿ, ಅದಾಗದಿದ್ದರೆ ಈ ಮದ್ದಿನ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತಿತ್ತು. ಧೂಳುಹುಳಕ್ಕೆ ದಿಂಬು-ಹಾಸಿಗೆಗೆ ಜಿಪ್ ಇರುವ ಹೊದಿಕೆ, ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಹಾಸು ಒಗೆತ, ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಶುರುವಾಗಿದೆ. ಸಿಗಡಿಯ ಐಜಿಇ ಒಂದು ವರ್ಷದ ಮೇಲೆ ಮತ್ತೊಮ್ಮೆ ನೋಡುವುದು.